ನಿಧಾನ ನಾಡಿ, ಬಿಗಿಯಾದ ಬನಿಯನ್

ಆ ಬೀದಿಯಲ್ಲಿ ಎಲ್ಲರದೂ ಒಂದೇ ತೊಂದರೆ: ಬಟ್ಟೆ ಬಿಗಿಯಾಗುತ್ತಿತ್ತು. ಹೋದ ವರ್ಷ ಹೊಲಿಸಿದ ಅಂಗಿಗೆ ಈ ವರ್ಷ ಗುಂಡಿ ಕೂರುವುದಿಲ್ಲ. ಮಕ್ಕಳ ಶಾಲೆಯ ಪ್ಯಾಂಟು ಪಾದ ಬಿಟ್ಟು ಮೇಲೇರುತ್ತದೆ. ಹೆರಿಗೆಯಾಗಿ ಬಂದವಳಿಗೆ ಹಳೆಯದು ಯಾವುದೂ ಮೈಗೆ ಇಳಿಯುವುದಿಲ್ಲ. ಎಲ್ಲರೂ ಬಟ್ಟೆಯ ಗಂಟು ಹೊತ್ತು ಬರುತ್ತಿದ್ದುದು ಮೂಲೆಮನೆಯ ಟೈಲರಕ್ಕನ ಬಳಿಗೆ. "ಅಕ್ಕಾ, ಒಂಚೂರು ಬಿಚ್ಚಿ ಕೊಡಿ" ಎನ್ನುವವರೇ ಎಲ್ಲ. "ಸಡಿಲ ಆಗಿದೆ, ಹಿಡಿಸಿ ಕೊಡು" ಎನ್ನುತ್ತಿದ್ದವಳು ಒಬ್ಬಳೇ. ಅವಳು ಟೈಲರಕ್ಕನ ಸ್ವಂತ ಮಗಳು.

ಮಗಳನ್ನು ಬೀದಿಗೆ ಬೀದಿಯೇ ಬುಗುರಿ ಎಂದು ಕರೆಯುತ್ತಿತ್ತು. ಹೆಜ್ಜೆ ಇಡಲು ಕಲಿತ ದಿನದಿಂದ ಒಂದು ಕಡೆ ನಿಂತವಳಲ್ಲ. ಈಗ ಕಾಲೇಜಿಗೆ ಹೋಗುತ್ತಿದ್ದಳು, ದೂರದ ಓಟ ಓಡುತ್ತಿದ್ದಳು. ಬೇರೆ ಹುಡುಗಿಯರು ಸೊಂಟ ಹಿಡಿದುಕೊಂಡು ನಿಂತ ಮೇಲೂ ಇವಳು ಮೈದಾನ ಸುತ್ತುತ್ತಲೇ ಇರುವಳು. ಮಳೆಗಾಲ ಮುಗಿದ ಕೂಡಲೇ ದೊಡ್ಡದೊಂದು ಆಯ್ಕೆಯ ಓಟವಿತ್ತು. ಅದರಲ್ಲಿ ಗೆದ್ದರೆ ಕ್ರೀಡಾ ಹಾಸ್ಟೆಲಿನಲ್ಲಿ ಜಾಗ, ಓದು, ತರಬೇತಿ, ಎಲ್ಲವೂ. ಕೂತರೂ ನಿಂತರೂ ಬುಗುರಿಗೆ ಅದೊಂದೇ ಧ್ಯಾನ.

ಆ ಓಟಕ್ಕೆಂದೇ ಟೈಲರಕ್ಕ ಒಂದು ಕೆಂಪು ಬನಿಯನ್ ಹೊಲಿದಿದ್ದಳು. ಬೆಳೆಯುವ ಹುಡುಗಿ, ಮುಂದೆ ಬಿಚ್ಚಿ ಅಗಲ ಮಾಡಲು ಬೇಕಾದೀತು ಎಂದು ಎರಡೂ ಪಕ್ಕದಲ್ಲಿ ಧಾರಾಳವಾಗಿ ಬಟ್ಟೆ ಒಳಗೆ ಬಿಟ್ಟೇ ಹೊಲಿದದ್ದು. ಬಿಚ್ಚುವ ಕಾಲ ಮಾತ್ರ ಬರಲೇ ಇಲ್ಲ.

"ಅಮ್ಮಾ, ಮತ್ತೆ ಜೋತಾಡ್ತಿದೆ ನೋಡು. ಹಿಡಿಸ್ಕೊಡು."

"ಮತ್ತೇನಾ? ಮೊನ್ನೆ ಮೊನ್ನೆ ಹಿಡಿಸಿದೀನಲ್ಲೇ!"

ಬಾಯಲ್ಲಿ ಗದರಿದರೂ ಟೈಲರಕ್ಕನ ಮನಸ್ಸು ಒಳಗೊಳಗೇ ಹಿಗ್ಗುತ್ತಿತ್ತು. ಬಟ್ಟೆ ಸಡಿಲವಾದರೆ ಅದರೊಳಗೆ ಗಾಳಿ ತುಂಬಿ ಓಡುವವಳನ್ನು ಹಿಂದಕ್ಕೆಳೆಯುತ್ತದೆ ಎಂಬುದು ಅವಳ ಲೆಕ್ಕಾಚಾರ. ಬನಿಯನ್ ಚರ್ಮದ ಹಾಗೆ ಕೂತರೆ ಮಗಳು ಗಾಳಿಯನ್ನು ಸೀಳಿಕೊಂಡು ಹೋದಾಳು. ಟೇಪು ಹಿಡಿದಾಗ ಸೊಂಟದ ಅಳತೆ ಇಳಿದಿದ್ದರೆ, ತನ್ನ ಮಗಳು ಗುರಿಗೆ ಅಷ್ಟು ಹತ್ತಿರವಾದಳು ಎಂದು ಸಂತೋಷಪಡುವಳು. ಪಕ್ಕ ಹಿಡಿದು, ಸೀಮೆಸುಣ್ಣದಲ್ಲಿ ಗೀಟೆಳೆದು, ಮೆಷಿನ್ ತುಳಿದು, ಬಿಸಿ ಇಸ್ತ್ರಿ ತಾಗಿಸಿ ಕೊಡುವಳು.

ಮೂಲೆಯಲ್ಲಿ ಕೂತು ಗುಂಡಿ ಹೊಲಿಯುತ್ತಿದ್ದ ಅಜ್ಜಿ, ಎಂದರೆ ಟೈಲರಕ್ಕನ ಅತ್ತೆ, ಕನ್ನಡಕದ ಮೇಲಿನಿಂದ ನೋಡುವಳು.

"ಹಿಡಿಸು ಹಿಡಿಸು. ಇನ್ನೊಂದೆರಡು ಸಲ ಹಿಡಿಸಿದ್ರೆ ಛತ್ರಿಗೆ ಚೀಲ ಆಗುತ್ತೆ ಅದು."

"ಮೈ ಹಗುರ ಆದಷ್ಟೂ ಕಾಲು ಓಡುತ್ತೆ ಅಜ್ಜಿ. ಕೋಚ್ ಸಾರ್ ಹೇಳಿದಾರೆ."

"ನಿನ್ನ ಕೋಚ್ ಸಾರ್ ನನ್ನ ಪಕ್ಕ ಮಲಗ್ತಾರೇನೆ? ಮಲಗೋಳು ನೀನು. ಆ ಕಾಲು ತಾಗಿದ್ರೆ ಮಂಜುಗಡ್ಡೆ ತಾಗಿದ ಹಾಗೆ ಬೆಚ್ಚಿಬೀಳ್ತೀನಿ. ಈ ಸೆಕೆಯಲ್ಲೂ ಎರಡು ಕಂಬಳಿ ಹೊದೀತೀಯ."

"ಅತ್ತೆ, ಹುಡುಗೀನ ಹೆದರಿಸಬೇಡಿ" ಎಂದು ಟೈಲರಕ್ಕ ಮಾತು ಮುಗಿಸುತ್ತಿದ್ದಳು. ಅವಳ ಗಂಡ ಸರಕು ಲಾರಿಯ ಚಾಲಕ. ಯಾವಾಗಲೋ ಒಮ್ಮೆ ಮನೆಗೆ ಬರುವವನು. ಮನೆಯ ಹೆಚ್ಚಿನ ಮಾತುಗಳು ಹೀಗೆ ಇವಳ ಬಾಯಲ್ಲೇ ಮುಗಿಯುತ್ತಿದ್ದವು.

ಒಂದು ಸಂಜೆ ಬೀದಿಯ ಆರೋಗ್ಯ ಕೇಂದ್ರದ ನರ್ಸಕ್ಕ ತನ್ನ ಬಿಳಿ ಕೋಟು ಒಯ್ಯಲು ಬಂದಳು. ಟೈಲರಕ್ಕನಿಗೆ ಅವಳು ಬಾಲ್ಯದ ಗೆಳತಿ. ಕೋಟಿಗೆ ಇನ್ನೂ ಕಾಲರು ಕೂತಿರಲಿಲ್ಲ.

"ನಾಳೆ ಅಂದಿದ್ದೆ, ನಾಡಿದ್ದು ಅಂದೆ, ಇವತ್ತೂ ಇಲ್ವಾ? ನೀನು ಹೊಲಿಯೋ ಹೊತ್ತಿಗೆ ನಾನು ನಿವೃತ್ತಿ ಆಗಿರ್ತೀನಿ ಬಿಡು."

"ಕೂತ್ಕೋ ಮಾರಾಯ್ತಿ, ಈಗ ಆಗುತ್ತೆ."

ಕೂತವಳು ಸುಮ್ಮನೆ ಕೂರದೆ, ಪಕ್ಕದಲ್ಲಿದ್ದ ಬುಗುರಿಯ ಕೈಯನ್ನು ಪ್ರೀತಿಯಿಂದ ಎಳೆದುಕೊಂಡಳು. "ಅಯ್ಯೋ, ಏನೇ ಇದು, ಕೈ ಹೀಗೆ ತಣ್ಣಗಿದೆ!" ಎನ್ನುತ್ತ, ಅಭ್ಯಾಸಬಲದಿಂದ ಬೆರಳನ್ನು ಮಣಿಕಟ್ಟಿಗೆ ಇಟ್ಟು ಗಡಿಯಾರ ನೋಡಿದಳು. ಅವಳ ಮುಖದ ನಗು ಮೆಲ್ಲನೆ ಇಳಿಯಿತು. ಇನ್ನೊಂದು ಕೈ ಹಿಡಿದು ಮತ್ತೆ ಎಣಿಸಿದಳು.

"ಏನಾಯ್ತು?" ಮೆಷಿನ್ನಿನ ಸದ್ದು ನಿಂತಿತು.

"ನಿಮಿಷಕ್ಕೆ ನಲವತ್ತೂ ಮುಟ್ಟುತ್ತಿಲ್ಲ ಕಣೇ ನಾಡಿ. ಸಾಮಾನ್ಯವಾಗಿ ಅರವತ್ತರ ಮೇಲಿರಬೇಕು. ಇವಳನ್ನ ಒಂದು ಸಲ ದೊಡ್ಡ ಆಸ್ಪತ್ರೆಗೆ ಕರ್ಕೊಂಡು ಹೋಗೋಣ."

ಟೈಲರಕ್ಕನ ಎದೆ ಧಸಕ್ಕೆಂದಿತು. ಓಡುವ ಮಗಳ ಎದೆಯೇ ಸೋತಿತೇ? ಬೆಳಗಾಗುವುದನ್ನೇ ಕಾದು, ಮಗಳನ್ನು ಎಳೆದುಕೊಂಡು ಆಸ್ಪತ್ರೆಗೆ ಹೋಗುವ ಬದಲು ಹತ್ತಿರವೇ ಇದ್ದ ಮೈದಾನಕ್ಕೆ ಓಡಿದಳು.

ಕೋಚ್ ಸಾರ್ ಒಳ್ಳೆಯ ಮನುಷ್ಯ. ಮೈದಾನದಲ್ಲೇ ಹುಟ್ಟಿದವರಂತೆ ಕುತ್ತಿಗೆಯಲ್ಲಿ ಯಾವಾಗಲೂ ಸೀಟಿ. ಟೈಲರಕ್ಕನ ಮಾತು ಕೇಳಿ ಗೊಳ್ಳೆಂದು ನಕ್ಕರು.

"ಅಮ್ಮಾ, ಇದಕ್ಕೆ ಅಳ್ತಾರಾ? ಸಿಹಿ ಹಂಚಬೇಕು ನೀವು! ಓಡಿ ಓಡಿ ಗಟ್ಟಿಯಾದ ಹೃದಯ ನಿಧಾನಕ್ಕೇ ಬಡಿಯೋದು. ದೊಡ್ಡ ದೊಡ್ಡ ಓಟಗಾರರಿಗೆಲ್ಲ ಹೀಗೇ. ಆ ನರ್ಸಮ್ಮನಿಗೆ ಕಾಯಿಲೆಯವರನ್ನ ನೋಡಿ ನೋಡಿ ಎಲ್ಲರೂ ಕಾಯಿಲೆಯವರ ಥರ ಕಾಣ್ತಾರೆ."

ಆಡಿದ ಮಾತು ಸುಳ್ಳೇನೂ ಆಗಿರಲಿಲ್ಲ. ಅದೇ ದೊಡ್ಡ ಅಪಾಯ. ಪೂರ್ತಿ ಸುಳ್ಳನ್ನು ಮನಸ್ಸು ಒಂದಲ್ಲ ಒಂದು ದಿನ ಹಿಡಿದುಬಿಡುತ್ತದೆ. ಅರ್ಧ ನಿಜ ಎದುರು ಬಂದು ನಿಂತರೆ ಒಳಗೆ ಕರೆದು ಕೂರಿಸುತ್ತದೆ.

ಟೈಲರಕ್ಕನ ಹೋದ ಜೀವ ಬಂತು. ಬಂದ ಜೀವ ಸ್ವಲ್ಪ ಹೆಚ್ಚೇ ಹಿಗ್ಗಿತು. ಬಟ್ಟೆ ಕೊಡಲು ಬಂದವರಿಗೆಲ್ಲ ಮಗಳ ನಾಡಿಯ ಸುದ್ದಿ ಹೇಳಿದ್ದೇ ಹೇಳಿದ್ದು. "ನಿಮ್ದು ನನ್ದೆಲ್ಲ ಎಪ್ಪತ್ತು ಎಂಬತ್ತು. ನಮ್ಮ ಬುಗುರೀದು ನೋಡಿ, ರಾಣಿ ಥರ, ಆರಾಮಾಗಿ!"

ನರ್ಸಕ್ಕ ಕೋಟಿಗಾಗಿ ಮತ್ತೆ ಬಂದಾಗ ಈ ವಿಷಯವೂ ಅವಳ ಕಿವಿಗೆ ಬಿತ್ತು.

"ಕೋಚ್ ಹೇಳಿದ್ದು ಇರಬಹುದು. ನಾನೂ ಓದಿದೀನಿ. ಆದ್ರೆ ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ಬುಗುರೀ, ಮುಟ್ಟು ಸರಿಯಾಗಿ ಆಗ್ತಿದೆಯೇನಮ್ಮಾ?"

ಬುಗುರಿ ತಲೆ ತಗ್ಗಿಸಿ ಬೂಟಿನ ದಾರ ಕಟ್ಟತೊಡಗಿದಳು. ಅದು ಆಗಲೇ ಕಟ್ಟಿತ್ತು.

"ಚಳಿಗಾಲದಿಂದ ಆಗಿಲ್ಲ" ಎಂದಳು ಕೊನೆಗೆ. "ಓಡೋ ಹುಡುಗಿಯರಿಗೆಲ್ಲ ಹಾಗೇ ಅಂತೆ ಅಕ್ಕಾ. ಸೀನಿಯರ್‌ಗಳು ಹೇಳಿದ್ರು. ಒಳ್ಳೇದೇ ಆಯ್ತಲ್ವಾ, ರಗಳೆ ಇಲ್ಲ."

ಟೈಲರಕ್ಕನಿಗೆ ಇದು ಗೊತ್ತಿರಲಿಲ್ಲ. ಆದರೆ ಅಷ್ಟೂ ಜನರ ಮುಂದೆ ಕೊಚ್ಚಿಕೊಂಡದ್ದನ್ನು ಈಗ ನುಂಗುವುದು ಹೇಗೆ? ಭಯ ಕೋಪವಾಗಿ ಹೊರಬಂತು.

"ನೋಡು, ನನ್ನ ಮಗಳು ಮುಂದೆ ಹೋಗೋದು ನಿನಗೆ ಹಿಡಿಸ್ತಿಲ್ಲವೇನೋ. ಮೊದಲು ನಾಡಿ ಅಂದೆ, ಈಗ ಮುಟ್ಟು ಅಂತೀಯ. ನಾಳೆ ಅವಳ ಉಗುರಿನಲ್ಲೂ ಏನಾದ್ರೂ ಹುಡುಕ್ತೀಯ. ನಿನ್ನ ಕೋಟು ತಗೋ, ಹೋಗು."

ಕೋಟು ಕೈಗಿತ್ತಳು. ಕಾಲರು ಸೊಟ್ಟಗಿತ್ತು. ನರ್ಸಕ್ಕ ಅದನ್ನು ಹಾಗೇ ಮಡಚಿ ಕಂಕುಳಲ್ಲಿಟ್ಟುಕೊಂಡಳು. ಹೊಸ್ತಿಲು ದಾಟುವಾಗ ತಿರುಗಿ, "ಊಟ ಏನು ಮಾಡ್ತಾಳೆ ಅಂತಾದ್ರೂ ಒಂದಿನ ನೋಡೇ" ಎಂದಷ್ಟೇ ಹೇಳಿ ಹೋದಳು.

ಊಟ! ಆ ಮನೆಯಲ್ಲಿ ಊಟ ನೋಡುವವರು ಯಾರು? ಟೈಲರಕ್ಕ ಮೆಷಿನ್ನಿನ ಮುಂದೆಯೇ ಎರಡು ತುತ್ತು ನುಂಗುವವಳು. ಅಜ್ಜಿ ಹೊತ್ತಿಗೆ ಮುಂಚೆ ಉಂಡು ಮಲಗುವವಳು. "ಮೈದಾನದಲ್ಲೇ ತಿಂದೆ" ಎಂದು ಮಗಳು ಮನೆಯಲ್ಲಿ ಹೇಳುತ್ತಿದ್ದಳು. "ಮನೆಯಲ್ಲಿ ತಿಂದು ಬಂದೆ" ಎಂದು ಮೈದಾನದಲ್ಲಿ ಹೇಳುತ್ತಿದ್ದಳು. ಎರಡು ಕಡೆಯವರೂ ನಂಬಿದ್ದರು.

ಆಯ್ಕೆಯ ಓಟಕ್ಕೆ ವಾರವಷ್ಟೇ ಉಳಿದಿತ್ತು. ಹೊರಗೆ ಮಳೆ ಬಿಟ್ಟು ಬಿಸಿಲು ಬಿದ್ದಿತ್ತು. ಬುಗುರಿ ಅಭ್ಯಾಸ ಮುಗಿಸಿ ಬಂದು ಅಮ್ಮನ ಕಾಲಬಳಿಯ ಮೋಟು ಸ್ಟೂಲಿನ ಮೇಲೆ ಕೂತಳು. ಕೆಂಪು ಬನಿಯನ್ ಮತ್ತೆ ಕಂಕುಳಲ್ಲಿ ಸಡಿಲವಾಗಿತ್ತು.

"ಇದೇ ಕೊನೇ ಸಲ. ಓಟಕ್ಕೆ ಮುಂಚೆ ಸರಿಯಾಗಿ ಕೂರಿಸಿಬಿಡ್ತೀನಿ" ಎಂದು ಟೈಲರಕ್ಕ ಗುಂಡುಪಿನ್ನುಗಳನ್ನು ತುಟಿಗಳ ನಡುವೆ ಕಚ್ಚಿಕೊಂಡಳು. ಒಂದು ಪಕ್ಕಕ್ಕೆ ಪಿನ್ನು ಚುಚ್ಚಿ ಆಯಿತು. ಇನ್ನೊಂದು ಪಕ್ಕ ನೋಡಲು, ಎದ್ದು ನಿಲ್ಲು ಎಂದು ಕೈಸನ್ನೆ ಮಾಡಿದಳು.

ಬುಗುರಿ ಎದ್ದು ನಿಂತಳು. ಎದುರಿನ ಕನ್ನಡಿಯಲ್ಲಿ ಅವಳ ಮುಖ ಸೀಮೆಸುಣ್ಣದಂತೆ ಬೆಳ್ಳಗಾಯಿತು.

"ಅಮ್ಮಾ... ಕಣ್ಣು ಕತ್ತಲೆ..."

ಅಷ್ಟೇ. ನಿಂತಿದ್ದ ಮಗಳು ನಿಂತಲ್ಲೇ ಕುಸಿದು, ಕತ್ತರಿಸಿ ಬಿಸಾಡಿದ ಬಟ್ಟೆಚೂರುಗಳ ರಾಶಿಯ ಮೇಲೆ ಬಿದ್ದಳು.

ಟೈಲರಕ್ಕ ಕಿರುಚಬೇಕು ಎಂದುಕೊಂಡಳು. ಬಾಯಿ ತೆರೆಯಲಾಗಲಿಲ್ಲ, ಬಾಯಿ ತುಂಬ ಪಿನ್ನುಗಳು. ಕಣ್ಣೆದುರಿಗೆ ಮಗಳು ಕಣ್ಣು ಮೇಲೆ ಮಾಡಿ ಬಿದ್ದಿದ್ದಾಳೆ, ಹೆತ್ತವಳ ಗಂಟಲಿನಿಂದ ಹೂಂ ಹೂಂ ಎಂಬ ಮೂಗಿನ ಸದ್ದಷ್ಟೇ ಬರುತ್ತಿದೆ. ಪಿನ್ನುಗಳನ್ನು ಉಗಿದು ಚೀರುವ ಹೊತ್ತಿಗೆ ತುಟಿಯಲ್ಲಿ ರಕ್ತ. ಮೊಣಕಾಲು ನೋವಿನ ಅಜ್ಜಿ ಆಗಲೇ ಬೀದಿಗೆ ಬಿದ್ದು, "ನರ್ಸಮ್ಮಾ! ಓ ನರ್ಸಮ್ಮಾ!" ಎಂದು ಸೆರಗು ಜಾರಿದ್ದರ ಪರಿವೆಯಿಲ್ಲದೆ ಓಡುತ್ತಿದ್ದಳು.

ನರ್ಸಕ್ಕ ಬಂದಳು. ಬೈಸಿಕೊಂಡು ಹೋಗಿದ್ದವಳು ಅದನ್ನು ಬಾಗಿಲ ಹೊರಗೇ ಬಿಟ್ಟು ಒಳಗೆ ಬಂದಳು. ಕೆನ್ನೆ ತಟ್ಟಿ ಕರೆದಳು, ಎದೆ ಏರಿಳಿಯುತ್ತಿದೆಯೇ ಎಂದು ನೋಡಿದಳು. ಉಸಿರಿತ್ತು. ಅಂಗಾತ ಮಲಗಿಸಿ, ಕಾಲುಗಳನ್ನು ಎತ್ತಿ ಸ್ಟೂಲಿನ ಮೇಲಿಟ್ಟಳು. "ನೀರು ಬಾಯಿಗೆ ಹಾಕಬೇಡಿ, ಯಾರೂ ಮುತ್ತಿಕೊಳ್ಳಬೇಡಿ, ಆಂಬುಲೆನ್ಸಿಗೆ ಫೋನ್ ಮಾಡಿ" ಎಂದಳು. ಬುಗುರಿ ಕಣ್ಣು ಬಿಟ್ಟಳು. ಬಿಟ್ಟವಳು ಕೇಳಿದ ಮೊದಲ ಮಾತು, "ನಾನು ಓಟಕ್ಕೆ ಹೋಗ್ಬಹುದಲ್ವಾ?"

ಆಸ್ಪತ್ರೆಯಲ್ಲಿ ಅವಳನ್ನು ಒಂದು ಕೋಣೆಯೊಳಗೆ ಕರೆದುಕೊಂಡು ಹೋದರು. ಎದೆಗೆ, ಕೈಕಾಲಿಗೆ ತಂತಿ ಅಂಟಿಸಿ ಇಸಿಜಿ ತೆಗೆಯಬೇಕಿತ್ತು. ಬಾಗಿಲ ಸಂದಿಯಿಂದ ಆಸ್ಪತ್ರೆಯ ಆಯಾ ಕೈ ಚಾಚಿ, "ಅಮ್ಮಾ, ಇದನ್ನ ಇಟ್ಕೊಳ್ಳಿ. ಪಿನ್ನುಗಳಿವೆ, ಹುಷಾರು" ಎಂದು ಕೆಂಪು ಬನಿಯನ್ನನ್ನು ಕೊಟ್ಟಳು.

ಅವಸರದಲ್ಲಿ ಕಳಚಿದ್ದರಿಂದ ಅದರ ಒಳಮೈ ಹೊರಗಾಗಿತ್ತು. ಟೈಲರಕ್ಕ ಬೆಂಚಿನ ಮೇಲೆ ಕೂತು, ಪಿನ್ನು ತೆಗೆಯಲೆಂದು ತೊಡೆಯ ಮೇಲೆ ಹರಡಿಕೊಂಡಳು. ಕೈ ಅಲ್ಲಿಗೇ ನಿಂತಿತು.

ಹೊರಗಿನಿಂದ ನೋಡಿದರೆ ಒಂದೇ ಹೊಲಿಗೆ. ಒಳಗೆ ಸಾಲಿನ ಪಕ್ಕ ಸಾಲು. ಹೊಲಿದ ದಿನದ ಮೊದಲ ಗೆರೆ, ಅದರೊಳಗೆ ಇನ್ನೊಂದು, ಮತ್ತೊಂದು, ಮಗದೊಂದು. ಪ್ರತಿಯೊಂದೂ ನೇರ, ಅಚ್ಚುಕಟ್ಟು, ಅವಳದೇ ಕೈ. ಗೆರೆಗೆ ಗೆರೆ ಮಗಳು ಒಳಗೆ ಸರಿದಿದ್ದಳು. ಬೆರಳಿನಿಂದ ಅಳೆದು ನೋಡಿದಳು. ತನ್ನ ಹುಡುಗಿಯ ಇಷ್ಟು ಮೈ ಎಲ್ಲಿ ಹೋಯಿತು? ಬೇರೆಯವರ ಸೊಂಟ ಎಳ್ಳಷ್ಟು ಹೆಚ್ಚಾದರೂ ಟೇಪು ನೋಡಿ ಹೇಳುವವಳು, ಮನೆಯ ಮಗು ಕರಗುವುದನ್ನು ಟೇಪು ಹಿಡಿದುಕೊಂಡೇ ನೋಡಲಿಲ್ಲ. ನೋಡಲಿಲ್ಲವೇನು, ನೋಡಿ ಖುಷಿಪಟ್ಟಿದ್ದಳು.

"ದೇವರೇ" ಎಂದಳು. ಪಕ್ಕದಲ್ಲಿ ಕೂತಿದ್ದ ನರ್ಸಕ್ಕ ಬನಿಯನ್ನಿನ ಪಿನ್ನುಗಳನ್ನು ಒಂದೊಂದಾಗಿ ತೆಗೆದು ತನ್ನ ಕೋಟಿನ ಆ ಸೊಟ್ಟ ಕಾಲರಿಗೆ ಚುಚ್ಚಿಕೊಂಡಳು.

ಡಾಕ್ಟರಮ್ಮ ಒಳಗೆ ಕರೆದಾಗ ಕೋಚ್ ಸಾರೂ ಸೀಟಿ ತೆಗೆಯುವುದನ್ನು ಮರೆತು ಓಡಿ ಬಂದಿದ್ದರು. ಬುಗುರಿ ಹಾಸಿಗೆಯಲ್ಲಿದ್ದಳು.

"ತೂಕ ಯಾವಾಗಿಂದ ಇಳೀತಿದೆ?" ಎಂದರು ಡಾಕ್ಟರಮ್ಮ.

ಬುಗುರಿ ಗೋಡೆ ನೋಡಿದಳು. "ಅಂಥಾದ್ದೇನೂ ಇಳಿದಿಲ್ಲ."

ಟೈಲರಕ್ಕ ಬನಿಯನ್ನನ್ನು ಮೇಜಿನ ಮೇಲೆ, ಒಳಮೈ ಮೇಲಾಗಿ, ಹರಡಿದಳು. ಡಾಕ್ಟರಮ್ಮ ಬೆರಳಾಡಿಸಿ ಗೆರೆಗಳನ್ನು ನೋಡಿದರು. ಹೆಚ್ಚು ಹೇಳಬೇಕಾಗಲಿಲ್ಲ.

"ಮೇಡಂ, ನಾಡಿ ನಿಧಾನ ಇರೋದು ಓಟಗಾರರಿಗೆ ಸಹಜ ಅಲ್ವಾ?" ಎಂದರು ಕೋಚ್ ಸಾರ್. ದನಿಯಲ್ಲಿ ಹಳೆಯ ನಗು ಇರಲಿಲ್ಲ.

"ಸಹಜ ಹೌದು. ಒಳ್ಳೆ ಊಟ, ಒಳ್ಳೆ ನಿದ್ದೆ ಮಾಡಿ ಓಡೋರ ಹೃದಯ ಗಟ್ಟಿಯಾಗುತ್ತೆ. ಒಳಗಿನ ಕೋಣೆಗಳು ಸ್ವಲ್ಪ ಅಗಲ ಆಗ್ತವೆ. ಒಂದೊಂದು ಬಡಿತಕ್ಕೂ ಜಾಸ್ತಿ ರಕ್ತ ತಳ್ಳುತ್ತೆ. ಅದಕ್ಕೇ ಸುಮ್ಮನೆ ಕೂತಾಗ ಕಮ್ಮಿ ಬಡಿದ್ರೂ ಸಾಕು. ಓಡೋಕೆ ಶುರು ಮಾಡಿದ ಕೂಡಲೇ ಬೇಕಾದಷ್ಟು ವೇಗ ಹಿಡಿಯುತ್ತೆ. ಅಂಥವರಿಗೆ ಸುಸ್ತಿಲ್ಲ, ತಲೆಸುತ್ತಿಲ್ಲ, ಮುಟ್ಟು ನಿಲ್ಲೋದಿಲ್ಲ."

"ಮತ್ತೆ ಇವಳಿಗೆ?"

"ಇವಳ ಹೃದಯ ಬಲ ಬಂದು ನಿಧಾನ ಆಗಿದ್ದಲ್ಲ. ಹಸಿದು ನಿಧಾನ ಆಗಿದ್ದು."

ಡಾಕ್ಟರಮ್ಮ ಇಸಿಜಿಯ ಕಾಗದವನ್ನು ಬನಿಯನ್ನಿನ ಪಕ್ಕಕ್ಕಿಟ್ಟರು.

"ಓಡೋದಕ್ಕೆ ಬೇಕಾದಷ್ಟು ಹೊಟ್ಟೆಗೆ ಹಾಕದೆ ಓಡಿದ್ರೆ ಮೈ ತನ್ನ ಖರ್ಚು ಕಡಿಮೆ ಮಾಡುತ್ತೆ. ಮೊದಲು ಮುಟ್ಟು ನಿಲ್ಲಿಸುತ್ತೆ. ಕೈಕಾಲಿಗೆ ಬಿಸಿ ಕಳಿಸೋದು ಕಮ್ಮಿ ಮಾಡುತ್ತೆ. ಮೂಳೆ ಸೊರಗುತ್ತೆ. ಕೊನೆಗೆ ಹೃದಯಕ್ಕೂ ಹೇಳುತ್ತೆ, ನೀನೂ ಮೆಲ್ಲಗೆ ಬಡಿ ಅಂತ. ಮಲಗಿದ್ದಾಗ ಇವಳ ನಾಡಿ ನಲವತ್ತಿಲ್ಲ, ಎದ್ದು ನಿಂತ ಕೂಡಲೇ ಎರಡರಷ್ಟು ಆಗಿ, ರಕ್ತದೊತ್ತಡ ಬಿದ್ದುಹೋಯ್ತು. ರಕ್ತದಲ್ಲಿನ ಉಪ್ಪಿನಂಶಗಳೂ ಏರುಪೇರಾಗಿವೆ. ಹೀಗೇ ಆ ಓಟಕ್ಕೆ ಇಳಿದಿದ್ರೆ..." ಡಾಕ್ಟರಮ್ಮ ಬುಗುರಿಯನ್ನು ನೋಡಿ ಮಾತು ಬದಲಿಸಿದರು. "ಇಳಿಯಲಿಲ್ಲ. ದೇವರು ದೊಡ್ಡವನು. ಮೈದಾನದಲ್ಲಿ ಬೀಳೋ ಬದಲು ಅಮ್ಮನ ಕಾಲಬಳಿ ಬಿದ್ದಳು."

ಕೋಚ್ ಸಾರ್ ಕುರ್ಚಿ ಹಿಡಿದುಕೊಂಡರು. "ಹಗುರ ಆಗು ಅಂದೋನು ನಾನೇ ಮೇಡಂ. ಇಷ್ಟು ವರ್ಷ ಹೆಚ್ಚಾಗಿ ಹುಡುಗರನ್ನೇ ಓಡಿಸಿದ್ದು. ಹುಡುಗರಿಗೆ ಹೇಳಿದ್ದನ್ನೇ..."

"ಹುಡುಗಿಯರ ಹೃದಯ ಹುಡುಗರದಕ್ಕಿಂತ ಚಿಕ್ಕದು ಸಾರ್. ಸಾಮಾನ್ಯವಾಗಿ ಸ್ವಲ್ಪ ಜೋರಾಗೇ ಬಡಿಯೋದು. ಹುಡುಗನ ಅಳತೆಯ ಅಂಗಿ ಹುಡುಗಿಗೆ ತೊಡಿಸಿ, ಸರಿಹೋಯ್ತು ಅಂದ್ರೆ ಈ ಅಮ್ಮ ಒಪ್ತಾರಾ?"

ಟೈಲರಕ್ಕ ಆ ಕೋಣೆಯಲ್ಲಿ ಮೊದಲ ಬಾರಿ ಬಾಯಿ ತೆರೆದಳು. ಊದಿದ ತುಟಿಯಿಂದ ಮಾತು ತೊದಲಿತು. "ಪಳಗಿದ ಮೆಷಿನ್ ಮೆಲ್ಲಗೆ ತುಳಿದ್ರೂ ಸರಾಗವಾಗಿ ಹೊಲಿಯುತ್ತೆ. ಎಣ್ಣೆ ಆರಿದ ಮೆಷಿನ್ನೂ ಮೆಲ್ಲಗೇ ತಿರುಗುತ್ತೆ. ಸದ್ದು ಕೇಳಿ ಯಾವುದು ಯಾವುದು ಅಂತ ನನಗೆ ಗೊತ್ತಾಗುತ್ತೆ. ಮಗಳದು ಗೊತ್ತಾಗಲಿಲ್ಲ."

"ಸದ್ದು ಕೇಳಿ ನನಗೂ ಗೊತ್ತಾಗಲ್ಲಮ್ಮಾ. ಅದಕ್ಕೇ ಇಸಿಜಿ, ಹೃದಯದ ಸ್ಕ್ಯಾನು, ರಕ್ತಪರೀಕ್ಷೆ. ಊಹೆ ಮಾಡಿ ಹೆದರಲೂಬಾರದು, ಊಹೆ ಮಾಡಿ ಬೀಗಲೂಬಾರದು. ಬಂದು ತೋರಿಸಬೇಕು ಅಷ್ಟೇ."

"ನನ್ನ ಓಟ?" ಎಂದಳು ಬುಗುರಿ.

"ಈ ಸಲ ಇಲ್ಲ" ಎಂದರು ಡಾಕ್ಟರಮ್ಮ, ನೇರವಾಗಿ.

ಹುಡುಗಿ ಗೋಡೆಯ ಕಡೆ ತಿರುಗಿ ಅತ್ತಳು. ಅಳುವುದಕ್ಕೂ ಬಲವಿಲ್ಲದ ಅಳು ಅದು. ಟೈಲರಕ್ಕ ಆ ಬೆನ್ನನ್ನು ನೇವರಿಸಿದಳು. ಕೈಗೆ ಬೆನ್ನುಮೂಳೆಯ ಒಂದೊಂದು ಗಂಟೂ ಸಿಕ್ಕಿತು.

ಕೆಲವು ದಿನ ಆಸ್ಪತ್ರೆ. ಆಮೇಲೆ ಮನೆ. ಆಯ್ಕೆಯ ಓಟದ ದಿನ ಬೇರೆ ಯಾರೋ ಗೆದ್ದರು. ಅಂದು ಕೋಚ್ ಸಾರ್ ಮೈದಾನದಿಂದ ನೇರ ಟೈಲರಕ್ಕನ ಅಂಗಡಿಗೆ ಬಂದು, ಸ್ಟೂಲಿನ ಮೇಲೆ ಕೂತು, "ಮುಂದಿನ ವರ್ಷ ಇದೆ. ನಾನೂ ಅಷ್ಟರಲ್ಲಿ ಸ್ವಲ್ಪ ಓದ್ಕೋತೀನಿ" ಎಂದರು. ಅವರ ಗುಂಪಿನ ಹುಡುಗಿಯರೆಲ್ಲರ ಪರೀಕ್ಷೆಗೆ ನರ್ಸಕ್ಕ ದಿನ ಗೊತ್ತುಮಾಡಿದ್ದಳು. ಇನ್ನೊಬ್ಬಳಿಗೂ ಮುಟ್ಟು ನಿಂತಿತ್ತು. ಅವಳೂ ಯಾರಿಗೂ ಹೇಳಿರಲಿಲ್ಲ.

ಮನೆಯಲ್ಲಿ ಊಟದ ಹೊತ್ತಿಗೆ ಮೆಷಿನ್ ನಿಲ್ಲುವುದು ರೂಢಿಯಾಯಿತು. ಮೂವರೂ ಒಟ್ಟಿಗೆ ಕೂರುವರು. ಡಾಕ್ಟರಮ್ಮ ಹೇಳಿಕೊಟ್ಟಂತೆ ಮೊದಮೊದಲು ಸ್ವಲ್ಪ ಸ್ವಲ್ಪ, ಆಗಾಗ. ಆಮೇಲೆ ಅನ್ನ, ಬೇಳೆ, ಸೊಪ್ಪು, ಮೊಟ್ಟೆ, ಹಾಲು, ತಟ್ಟೆ ತುಂಬ. ತಟ್ಟೆ ಕಂಡರೆ ಹುಡುಗಿಗೆ ಇನ್ನೂ ಅಂಜಿಕೆ. ಒಳಗಿನ ಆ ಅಂಜಿಕೆಯ ಬಗ್ಗೆ ಮಾತಾಡಲು ಆಸ್ಪತ್ರೆಯ ಸಲಹೆಗಾರ್ತಿಯ ಬಳಿಗೂ ಹೋಗಿಬರುತ್ತಿದ್ದಳು.

"ತಿನ್ನು" ಎನ್ನುವಳು ಅಜ್ಜಿ. "ನಿನ್ನ ಹೊಟ್ಟೆಯೇನು ಪರರ ಮನೆಯಾ, ಅಷ್ಟು ಸಂಕೋಚ ಮಾಡ್ಕೊಂಡು ಒಳಗೆ ಕಳಿಸ್ತೀಯಲ್ಲ!"

ಒಂದು ಬೆಳಿಗ್ಗೆ ಬುಗುರಿ ಅಜ್ಜಿಯ ಕಿವಿಯಲ್ಲಿ ಏನೋ ಪಿಸುಗುಟ್ಟಿದಳು. ಅಜ್ಜಿಗೆ ಗುಟ್ಟು ಕಾಯುವ ಅಭ್ಯಾಸವಿಲ್ಲ. ಬಟ್ಟೆ ಕೊಡಲು ಬಂದ ಹೆಂಗಸರಿಂದ ತುಂಬಿದ್ದ ಅಂಗಡಿಯ ನಡುವೆ ನಿಂತು, "ಸೊಸೆಯೇ, ನಮ್ಮ ಹುಡುಗಿ ಮುಟ್ಟಾದಳು ಕಣೇ!" ಎಂದು ಸಾರಿದಳು. ಬುಗುರಿ ನಾಚಿ ಒಳಕೋಣೆಗೆ ಓಡಿದಳು. ಅದು ಎಷ್ಟೋ ತಿಂಗಳ ಬಳಿಕ ಅವಳು ಓಡಿದ ಮೊದಲ ಓಟ.

ಡಾಕ್ಟರಮ್ಮ ಮೊದಲು ನಡಿಗೆಗೆ ಒಪ್ಪಿದರು, ಪರೀಕ್ಷೆಗಳೆಲ್ಲ ಸರಿಬಂದ ಮೇಲೆ ಮೆಲ್ಲನೆಯ ಓಟಕ್ಕೆ, ಆಮೇಲೆ ಪೂರ್ತಿ ಅಭ್ಯಾಸಕ್ಕೆ. ಮುಂದಿನ ಮಳೆಗಾಲದ ಹೊತ್ತಿಗೆ ಒಂದು ಸಂಜೆ ನರ್ಸಕ್ಕ ಮತ್ತೆ ಅದೇ ಬೆಂಚಿನ ಮೇಲೆ ಕೂತು ಬುಗುರಿಯ ಕೈ ಹಿಡಿದಳು. ಕೈ ಬೆಚ್ಚಗಿತ್ತು. ಗಡಿಯಾರ ನೋಡಿ ಎಣಿಸಿದಳು.

"ಎಷ್ಟು?" ಎಂದಳು ಟೈಲರಕ್ಕ.

"ಐವತ್ತು ಚಿಲ್ಲರೆ."

ಟೈಲರಕ್ಕ ಕತ್ತರಿ ಬಿಟ್ಟು ಎದ್ದಳು. "ಅಯ್ಯೋ ದೇವರೇ, ಇನ್ನೂ ಕಮ್ಮಿನಾ! ಅರವತ್ತರ ಮೇಲಿರಬೇಕು ಅಂದಿದ್ಯಲ್ಲ!"

ನರ್ಸಕ್ಕ ಮನಸಾರೆ ನಕ್ಕಳು. "ಇದು ಆ ನಿಧಾನ ಅಲ್ಲ ಮಾರಾಯ್ತಿ. ಮೊನ್ನೆ ಡಾಕ್ಟರಮ್ಮ ಸ್ಕ್ಯಾನ್ ಮಾಡಿ ನೋಡಿದಾರೆ, ಎದ್ದು ನಿಲ್ಲಿಸಿ ನೋಡಿದಾರೆ, ಓಡಿಸಿ ನೋಡಿದಾರೆ. ಇದು ಉಂಡು ಓಡಿದ ಹೃದಯದ ನಿಧಾನ. ಈಗ ಬೇಕಾದ್ರೆ ಬೀದಿಗೆಲ್ಲ ಹೇಳ್ಕೋ."

ಟೈಲರಕ್ಕ ಬೀದಿಗೆ ಹೇಳಲಿಲ್ಲ. ಒಳಗೆ ಹೋಗಿ ಪೆಟ್ಟಿಗೆಯಿಂದ ಕೆಂಪು ಬನಿಯನ್ನನ್ನು ತಂದಳು.

"ಹೊಸದು ಹೊಲಿ ಅಮ್ಮಾ. ಇದು ಈಗ ನನಗೆ ಹತ್ತಲ್ಲ" ಎಂದಳು ಬುಗುರಿ.

"ಹತ್ತುತ್ತೆ. ನಿನಗೇ ಅಂತ ಬಟ್ಟೆ ಬಿಟ್ಟಿದೀನಿ ಇದರಲ್ಲಿ."

ಸಣ್ಣ ಕತ್ತರಿಯ ಮೊನೆಯಿಂದ ಒಳಗಿನ ಕೊನೆಯ ಗೆರೆಯನ್ನು ಬಿಚ್ಚತೊಡಗಿದಳು. ದಾರ ಕಿರಕಿರನೆ ಬಿಟ್ಟುಕೊಂಡಿತು. ಅದಾದ ಮೇಲೆ ಅದರ ಹಿಂದಿನದು, ಅದಾದ ಮೇಲೆ ಇನ್ನೊಂದು. ಜೀವನವೆಲ್ಲ ಬೇರೆಯವರ ಬಟ್ಟೆ ಬಿಚ್ಚಿ ಅಗಲ ಮಾಡಿಕೊಟ್ಟ ಕೈಗಳು ಅಂದು ಮೊದಲ ಸಲ ಮಗಳಿಗಾಗಿ ಬಿಚ್ಚುತ್ತಿದ್ದವು. ಮೊದಲ ದಿನದ ಹೊಲಿಗೆಯೂ ಹೋಗಿ, ಅದರಾಚೆಗೆ ಹೊಸ ಗೆರೆ ಬಿತ್ತು. ಹಳೆಯ ಸೂಜಿಯ ತೂತುಗಳು ಮಾತ್ರ ಸಾಲಾಗಿ ಉಳಿದವು. ಇಸ್ತ್ರಿ ಹಾಕಿದರೂ ಹೋಗಲಿಲ್ಲ. ಇರಲಿ, ನೆನಪಿಗಿರಲಿ ಎಂದುಕೊಂಡಳು. ಬುಗುರಿ ತೊಟ್ಟು ನಿಂತಳು. ಉಸಿರೆಳೆದಾಗ ಎದೆ ಬನಿಯನ್ನನ್ನು ತುಂಬಿತು.

ಓದುತ್ತಿರುವ ತಾಯಂದಿರೇ, ತಂದೆಯರೇ, ಅಕ್ಕತಂಗಿಯರೇ, ಓಡುವ, ಈಜುವ, ಸೈಕಲ್ ತುಳಿಯುವ ಹುಡುಗಿಯರೇ. ಓಟ ಹೃದಯಕ್ಕೆ ಒಳ್ಳೆಯದು. ಹೆದರಿ ಯಾರನ್ನೂ ಮನೆಯಲ್ಲಿ ಕೂರಿಸಬೇಡಿ. ಆದರೆ ಓಡುವವಳಿಗೆ ಓಡುವಷ್ಟು ಊಟ ಬೇಕು. ನಾಡಿ ನಿಧಾನವಾಗಿದೆ ಎಂದ ಮಾತ್ರಕ್ಕೆ ಕಾಯಿಲೆಯೂ ಅಲ್ಲ, ಬಹುಮಾನವೂ ಅಲ್ಲ. ಅದರ ಜೊತೆಗೆ ಮುಟ್ಟು ಮೂರು ತಿಂಗಳು ನಿಂತಿದ್ದರೆ, ಎದ್ದು ನಿಂತಾಗ ಕಣ್ಣು ಕತ್ತಲೆ ಬಂದರೆ, ಸದಾ ಚಳಿ, ಸುಸ್ತು ಇದ್ದರೆ, ತೂಕ ಇಳಿಯುತ್ತಲೇ ಇದ್ದರೆ, ನಾಳೆಗೆ ತಳ್ಳದೆ ಆರೋಗ್ಯ ಕೇಂದ್ರಕ್ಕೆ ಹೋಗಿ. ಓಡುವಾಗಲೇ ಎದೆ ನೋವು ಬಂದರೆ, ಎಚ್ಚರ ತಪ್ಪಿ ಬಿದ್ದರೆ, ಅಥವಾ ಮನೆತನದಲ್ಲಿ ಯಾರಾದರೂ ಚಿಕ್ಕ ವಯಸ್ಸಿಗೆ ಇದ್ದಕ್ಕಿದ್ದಂತೆ ತೀರಿಕೊಂಡಿದ್ದರೆ, ಓಟ ನಿಲ್ಲಿಸಿ ಹೃದಯ ತೋರಿಸಿ. ವೈದ್ಯರು ಸರಿ ಎಂದ ಮೇಲೆಯೇ ಮೈದಾನ.

ನಾವು ಹುಟ್ಟುವ ಮೊದಲೇ ಭಗವಂತ ಎದೆಯೊಳಗೆ ಒಬ್ಬ ದುಡಿಯುವವನನ್ನು ಕೂರಿಸಿದ್ದಾನೆ. ಅವನು ರಜೆ ಕೇಳುವುದಿಲ್ಲ, ಊಟ ಮಾತ್ರ ಕೇಳುತ್ತಾನೆ. ಇಂದು ರಾತ್ರಿ ನಿಮ್ಮ ಮನೆಯ ಮಗಳ ತಟ್ಟೆಯನ್ನು ಒಮ್ಮೆ ನೋಡಿ. ಅವಳ ಕೈ ಹಿಡಿದು ನೋಡಿ, ಬೆಚ್ಚಗಿದೆಯೇ ಎಂದು. ಆಮೇಲೆ, ನಾಚಿಕೆ ಬದಿಗಿಟ್ಟು, ಮುಟ್ಟಿನ ಬಗ್ಗೆ ನರ್ಸಕ್ಕ ಕೇಳಿದ ಆ ಒಂದು ಪ್ರಶ್ನೆಯನ್ನು ನೀವೂ ಕೇಳಿ.